ಕೊಕ್ಕೆ ತೆಗೆಯುವ ಕೆಲಸ

ನಮ್ಮಕ್ಕನಿಗೆ ಮನೆಯಲ್ಲಿ ಕೊಕ್ಕೆ ಅಂತ ಅಡ್ಡಹೆಸರು. ಇಟ್ಟವರು ಅಪ್ಪ. ಅವರು ದರ್ಜಿ. ಹೊಲಿದು ಮುಗಿಸಿದ ಅಂಗಿಯನ್ನು ಗಿರಾಕಿಯ ಕೈಗೆ ಕೊಡುವ ಹೊತ್ತಿಗೆ ಎಂಟು ವರ್ಷದ ಮಗಳು ಅದನ್ನು ಹಿಂದೆ ಮುಂದೆ ತಿರುಗಿಸಿ, "ಅಪ್ಪಾ, ಈ ಕಡೆ ಜೇಬು ಒಂದು ಬೆರಳು ಕೆಳಗಿದೆ" ಅನ್ನುತ್ತಿದ್ದಳು. ಗಿರಾಕಿಯ ಎದುರಿಗೇ ಅನ್ನುತ್ತಿದ್ದಳು, ಅದು ತೊಂದರೆ. ಎಲ್ಲದಕ್ಕೂ ಕೊಕ್ಕೆ ತೆಗೆಯುವವಳು ಅಂತ ಶುರುವಾಗಿ ಕೊನೆಗೆ ಬರೀ ಕೊಕ್ಕೆ ಉಳಿಯಿತು.

ಇಂಥ ಕಣ್ಣಿದ್ದವಳು ಓದಿನಲ್ಲಿ ಮುಂದಿರಬೇಕಿತ್ತು. ಇರಲಿಲ್ಲ. ಹತ್ತನೇ ತರಗತಿಯ ಗಣಿತ ಅವಳನ್ನು ಎರಡು ಸಲ ಬೀಳಿಸಿತು. ಮೂರನೇ ಸಲ ಅದಕ್ಕೇ ಬೇಜಾರಾಗಿ ಮೂವತ್ತೈದು ಕೊಟ್ಟು ಕಳಿಸಿತು. ಮನೆಯಲ್ಲೇ ಕೂತು ಓದುವ ಮೂರು ವರ್ಷದ ಪದವಿಯನ್ನು ಆರು ವರ್ಷ ಓದಿ, ನಲವತ್ತೊಂದು ಪರ್ಸೆಂಟ್ ತಂದಳು. ಅವಳಿಗಿಂತ ನಾಲ್ಕು ವರ್ಷ ಚಿಕ್ಕವನಾದ ನಾನು ಅದೇ ಬೇಸಿಗೆಯಲ್ಲಿ ಕಂಪ್ಯೂಟರ್ ಸೈನ್ಸಿನ ಚಿನ್ನದ ಪದಕ ತಂದೆ. ಅಮ್ಮ ಭೇದ ಮಾಡಲಿಲ್ಲ, ಎರಡನ್ನೂ ಒಂದೇ ಬೀರುವಿನಲ್ಲಿಟ್ಟರು. ಪದಕ ಗಾಜಿನ ಹಿಂದೆ, ಅಕ್ಕನ ಅಂಕಪಟ್ಟಿ ಬೆಡ್‌ಶೀಟುಗಳ ಕೆಳಗೆ.

ನಾನು ಕಾಲೇಜಿನಲ್ಲಿ ಮೇಷ್ಟ್ರಾದೆ. ಅಕ್ಕ ಮದುವೆಯಾಗಿ, ಮನೆ ಹತ್ತಿರದ ಕೊರಿಯರ್ ಆಫೀಸಿನ ಕೌಂಟರಿಗೆ ಸೇರಿದಳು. ಅಲ್ಲಿ ಅವಳ ಪಾಲಿಗೆ ಬಂದದ್ದು ವಾಪಸ್ ಬಂದ ಪಾರ್ಸೆಲ್ಲುಗಳ ಕಪಾಟು. ಅವಳಿಗಿಂತ ಮುಂಚೆ ಇದ್ದವರು ಅವುಗಳ ಮೇಲೆ "ವಿಳಾಸದಲ್ಲಿ ಸಿಗಲಿಲ್ಲ" ಅಂತ ಠಸ್ಸೆ ಹೊಡೆದು, ಕೈ ತೊಳೆದುಕೊಂಡು, ಊಟಕ್ಕೆ ಹೋಗುತ್ತಿದ್ದರು. ಅಕ್ಕನಿಗೆ ಊಟ ಸೇರಲಿಲ್ಲ. ವಿಳಾಸ ಸರಿಯಾಗಿದೆ, ಮನೆಯಲ್ಲಿ ಜನ ಇದ್ದಾರೆ, ಫೋನ್ ಮಾಡಿದರೆ ಎತ್ತುತ್ತಾರೆ. ಹಾಗಾದರೆ ಪಾರ್ಸೆಲ್ ಯಾಕೆ ಸುತ್ತಿಕೊಂಡು ಬಂತು?

ಪಾರ್ಸೆಲ್ ತಂದುಕೊಡುವವರೆಲ್ಲ ಫೋನಿನ ನಕ್ಷೆ ನೋಡಿಕೊಂಡು ಹೋಗುವವರು. ಅಕ್ಕ ಒಂದೇ ವಿಳಾಸವನ್ನು ಆ ನಕ್ಷೆಯಲ್ಲಿ ಹನ್ನೊಂದು ಥರ ಬರೆದು ನೋಡಿದಳು. ಮನೆ ನಂಬರಿಗಿಂತ ಮೊದಲು ಮಹಡಿ ಬರೆದರೆ ನಕ್ಷೆ ಅದನ್ನು ಅಡ್ಡರಸ್ತೆ ಅಂದುಕೊಳ್ಳುತ್ತಿತ್ತು. ಮೂರನೇ ಮಹಡಿಯವರ ಚಪ್ಪಲಿ ಮೂರನೇ ಅಡ್ಡರಸ್ತೆಯಲ್ಲಿ ಅಲೆದಾಡಿ ಸುಸ್ತಾಗಿ ಬಂದಿತ್ತು.

ಆ ನಕ್ಷೆ ಮಾಡಿದ್ದು ದೊಡ್ಡ ಕಂಪನಿ. ಎಷ್ಟು ದೊಡ್ಡದು ಅಂದರೆ ನಾನು ಮೂರು ಸಲ ಅರ್ಜಿ ಹಾಕಿ, ಮೂರು ಸಲವೂ ಮೊದಲ ಸುತ್ತಿನಲ್ಲೇ ಮನೆಗೆ ಬಂದಿದ್ದೆ. ಅಕ್ಕ ಅವರ ದೂರಿನ ಪೆಟ್ಟಿಗೆಗೆ ಬರೆದಳು: ನಾನು ಹೀಗೆ ಬರೆದೆ, ಇದನ್ನು ಒತ್ತಿದೆ, ಇದು ಬಂತು, ಬರಬೇಕಾಗಿದ್ದದ್ದು ಅದು. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಅಂತ ಯಂತ್ರದ ಉತ್ತರ ಬಂತು. ಅದರಲ್ಲಿ ಅವಳ ಹೆಸರು ಎರಡೆರಡು ಸಲ ಇತ್ತು. ಅಕ್ಕ ಅದರ ಮೇಲೂ ಒಂದು ದೂರು ಬರೆದಳು.

ಎರಡು ವರ್ಷದಲ್ಲಿ, ಒಂದೊಂದಕ್ಕೂ ನಂಬರ್ ಹಾಕಿ, ನೂರ ನಲವತ್ತು ದೂರು. ಭಾವ ಬಸ್ ಡ್ರೈವರ್, ತಾಳ್ಮೆಯ ಮನುಷ್ಯ. "ಬರೀಲಿ ಬಿಡೋ," ಅನ್ನುತ್ತಿದ್ದರು ನನ್ನ ಹತ್ತಿರ. "ಅಷ್ಟು ಹೊತ್ತು ನನ್ನ ಮೇಲೆ ಕಣ್ಣು ಇರಲ್ಲ."

ಆಮೇಲೆ ಒಂದು ದಿನ ಯಂತ್ರದ ಬದಲು ಮನುಷ್ಯರೇ ಫೋನ್ ಮಾಡಿದರು. ಆ ಕಂಪನಿಯ ಮೇಡಂ ಒಬ್ಬರು. "ಎಂಬತ್ತೆಂಟನೇ ದೂರು ಬರ್ದೋರು ನೀವೇನಾ? ನಾವು ಆರು ಜನ ಆ ತಪ್ಪನ್ನೇ ಹುಡುಕ್ತಾ ಇದ್ವಿ. ನೀವು ಎಲ್ಲಿ ಕೆಲಸ ಮಾಡ್ತೀರಾ?"

"ಕೊರಿಯರ್ ಕೌಂಟರ್‌ನಲ್ಲಿ. ಒಂದ್ನಿಮಿಷ ಇರಿ, ಗಿರಾಕಿ ಇದ್ದಾರೆ," ಅಂದಳು ಅಕ್ಕ.

ಮೇಡಂ ಕಾದರು. ಆಮೇಲೆ, ತಪ್ಪು ಹುಡುಕೋದಕ್ಕೇ ನಮ್ಮಲ್ಲಿ ಒಂದು ಕೆಲಸ ಖಾಲಿ ಇದೆ, ಅರ್ಜಿ ಹಾಕಿ ಅಂದರು.

ಅರ್ಜಿ ಫಾರಂ ತೆರೆಯುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಪದವಿಯ ಅಂಕ ಅನ್ನುವ ಜಾಗದಲ್ಲಿ ಅಕ್ಕ ನಲವತ್ತೊಂದು ಅಂತ ಬರೆದಳು. ಫಾರಂ ಮುಂದೆ ಹೋಗಲಿಲ್ಲ, ಕನಿಷ್ಠ ಅರವತ್ತು ಬೇಕು ಅಂತ ಕೆಂಪಗಾಯಿತು. ನನಗೆ ಅಯ್ಯೋ ಅನಿಸಿತು. ಒಳಗೆಲ್ಲೋ ಸ್ವಲ್ಪ ಹಾಯಾಗಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಅಕ್ಕ ಮಾತ್ರ ಕೀಲಿಮಣೆ ಬಿಡಲಿಲ್ಲ. ಖಾಲಿ ಬಿಟ್ಟು ನೋಡಿದಳು. ಸೊನ್ನೆ ಹಾಕಿದಳು. ಕೊನೆಗೆ ನಾನೂರ ಹತ್ತು ಅಂತ ಬರೆದಳು. ಫಾರಂ ಹಸಿರಾಗಿ ಮುಂದಿನ ಪುಟಕ್ಕೆ ಹೋಯಿತು.

"ಅಕ್ಕಾ, ಹಾಗೇ ಕಳ್ಸಿಬಿಡು," ಅಂದೆ.

"ಸುಮ್ನಿರೋ. ನೂರಕ್ಕೆ ನಾನೂರ ಹತ್ತು ಯಾವನು ತಗೀತಾನೆ?"

ಅರ್ಜಿ ಮುಚ್ಚಿ, ದೂರಿನ ಪೆಟ್ಟಿಗೆ ತೆರೆದಳು. ನೂರ ನಲವತ್ತೊಂದನೆಯದು ಹೀಗಿತ್ತು: "ನಿಮ್ಮ ಅರ್ಜಿಯಲ್ಲಿ ನಾನೂರ ಹತ್ತು ಪರ್ಸೆಂಟ್ ತೆಗೆದವರಿಗೆ ಪ್ರವೇಶವಿದೆ. ನನಗೆ ನಲವತ್ತೊಂದು ಬಂದಿದೆ, ನನಗಿಲ್ಲ. ನನ್ನನ್ನು ಒಳಗೆ ಬಿಡದಿದ್ದರೂ ಪರವಾಗಿಲ್ಲ, ಅವರನ್ನು ತಡೆಯಿರಿ."

ಮೂರನೇ ದಿನಕ್ಕೆ ಸಂದರ್ಶನದ ಕರೆ ಬಂತು. ಆ ದೂರೇ ನಿಮ್ಮ ಅರ್ಜಿ ಅಂತ ಇಟ್ಟುಕೊಂಡಿದ್ದೇವೆ ಅಂದರಂತೆ ಮೇಡಂ.

ಇನ್ನು ಹತ್ತು ದಿನ. ನಾನು ನನ್ನ ನೋಟ್ಸು ತಂದು ಅವಳಿಗೆ ಪಾಠ ಶುರುಮಾಡಿದೆ. ಎರಡನೇ ಸಂಜೆ ಅವಳು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, ನೋಟ್ಸಿನ ಒಂದು ಪ್ರೋಗ್ರಾಂ ತೋರಿಸಿ, "ಇಲ್ಲಿ ಪಟ್ಟಿ ಖಾಲಿ ಇದ್ರೆ ಏನಾಗುತ್ತೆ?" ಅಂದಳು. ನೋಡಿದೆ. ಪ್ರೋಗ್ರಾಂ ಅಲ್ಲೇ ನಿಂತುಹೋಗುತ್ತದೆ. ಏಳು ವರ್ಷದಿಂದ ಅದನ್ನೇ ಬೋರ್ಡಿನ ಮೇಲೆ ಬರೆದಿದ್ದೆ, ನಾನೂರು ಮಕ್ಕಳು ಅದನ್ನೇ ಬರೆದುಕೊಂಡು ಪಾಸಾಗಿದ್ದರು. ಆ ಸಂಜೆ ಪಾಠ ಬೇಗ ಮುಗಿಯಿತು.

ಸಂದರ್ಶನದ ಬೆಳಿಗ್ಗೆ ಅಕ್ಕ, "ಬೇಡ ಕಣೋ. ನಗ್ತಾರೆ," ಅಂದಳು. ಭಾವ ಅವಳನ್ನು ತಮ್ಮ ಬಸ್ಸಿನಲ್ಲೇ ಕೂರಿಸಿಕೊಂಡು ಹೋಗಿ, ಕಂಪನಿಯ ಗೇಟಿನ ಮುಂದೆ ನಿಲ್ಲಿಸಿದರು. ಅಲ್ಲಿ ಸ್ಟಾಪ್ ಇರಲಿಲ್ಲ. ಅಕ್ಕ ಅದನ್ನೂ ಹೇಳಿಯೇ ಇಳಿದಳಂತೆ.

ಗಾಜಿನ ಕೋಣೆಯಲ್ಲಿ ಮೂವರು. ಬೋರ್ಡಿನ ಮೇಲೆ ಪ್ರೋಗ್ರಾಂ ಬರೆಯಿರಿ ಅಂದರು. "ಬರಲ್ಲ. ಬರೆದಿರೋದನ್ನ ಓದ್ತೀನಿ, ನಿಧಾನವಾಗಿ," ಅಂದಳು. ಒಬ್ಬ ಸಾಹೇಬರು ಅಂಕಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. "ಡಿಗ್ರಿಗೆ ಆರು ವರ್ಷ ಯಾಕಮ್ಮಾ?"

"ಪ್ರಶ್ನೆಪತ್ರಿಕೇಲೇ ತಪ್ಪು ಇರ್ತಿತ್ತು ಸಾರ್. ಅದನ್ನ ವಿವರಿಸೋದ್ರಲ್ಲೇ ಟೈಮ್ ಹೋಗ್ತಿತ್ತು."

ಮೂವರೂ ನಕ್ಕರು. ಅವಳು ನಗಲಿಲ್ಲ, ಅದು ನಿಜವಾಗಿತ್ತು. ಆಮೇಲೆ ಸಿಬ್ಬಂದಿಯ ಹಾಜರಿ ಹಾಕುವ ಹೊಸ ಆ್ಯಪ್ ಇರುವ ಫೋನನ್ನು ಅವಳ ಮುಂದಿಟ್ಟು, ಅರ್ಧ ಗಂಟೆ ಕೊಟ್ಟರು. ಮೊದಲ ಹತ್ತು ನಿಮಿಷ ಅವಳು ಫೋನ್ ಮುಟ್ಟಲೇ ಇಲ್ಲ. ಯಾರು ಬಳಸ್ತಾರೆ, ಕೈ ಒದ್ದೆ ಇದ್ರೆ, ಒಬ್ಬರೇ ಎರಡು ಪಾಳಿ ಮಾಡಿದ್ರೆ, ಪಾಳಿ ಮಧ್ಯದಲ್ಲಿ ತಾರೀಕು ಬದಲಾದ್ರೆ ಅಂತ ಬರೀ ಪ್ರಶ್ನೆ. ಮುಟ್ಟಿದ ಮೇಲೆ ಒಂಬತ್ತು ತಪ್ಪು ಸಿಕ್ಕವು. ಅವರಿಗೆ ಗೊತ್ತಿದ್ದದ್ದು ಐದು.

ಕೆಲಸ ಸಿಕ್ಕಿತು. ಅಮ್ಮ ನಂಬದೆ ಪತ್ರವನ್ನು ನನ್ನ ಕೈಯಲ್ಲಿ ಎರಡು ಸಲ ಓದಿಸಿದರು. ನನಗೆ ಹೊಟ್ಟೆಕಿಚ್ಚಾಯಿತು. ಒಂದು ವಾರ ಇತ್ತು, ಆಮೇಲೆ ಇಳಿಯಿತು.

ಅಲ್ಲಿಗೆ ಹೋದಮೇಲೆ ಸುಖವೇನೂ ಕಾದಿರಲಿಲ್ಲ. ಮೊದಲ ಮೂರು ತಿಂಗಳು ಮೀಟಿಂಗಿನಲ್ಲಿ ಅರ್ಧ ಮಾತು ತಲೆ ಮೇಲೆ ಹೋಗುತ್ತಿತ್ತು. ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಅತ್ತು, ಮುಖ ತೊಳೆದು ಒಳಗೆ ಹೋಗುತ್ತಿದ್ದಳು. ಭಾನುವಾರ ಭಾವ ಅಡುಗೆಮನೆ ನೋಡಿಕೊಂಡರೆ, ನಾನು ಪ್ರೋಗ್ರಾಂ ಬರೆಯುವುದನ್ನು ಕಲಿಸಿದೆ. ವರ್ಷ ಹಿಡಿಯಿತು. ಈಗ ಅವಳ ಕೈಕೆಳಗೆ ನಾಲ್ಕು ಜನ ಇದ್ದಾರೆ, ನಾಲ್ವರಿಗೂ ಅವಳೆಂದರೆ ಸ್ವಲ್ಪ ಭಯ.

ಹೋದ ವರ್ಷ ನಮ್ಮ ಕಾಲೇಜಿಗೆ ಅವಳನ್ನು ಭಾಷಣಕ್ಕೆ ಕರೆದರು. ಹಿಂದಿನ ಬೆಂಚಿನವರೆಲ್ಲ ಆ ದಿನ ಮುಂದಿನ ಸಾಲಿನಲ್ಲಿ ಕೂತಿದ್ದರು. ಒಬ್ಬ ಎದ್ದು, "ಮೇಡಂ, ಹಾಗಾದ್ರೆ ಅಂಕಕ್ಕೆ ಬೆಲೆ ಇಲ್ಲ ಅಲ್ವಾ?" ಅಂದ. ಸಭೆಯೆಲ್ಲ ಚಪ್ಪಾಳೆಗೆ ಕೈ ಎತ್ತಿಕೊಂಡಿತ್ತು.

ಅಕ್ಕ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅಂಕ ಇದ್ದಿದ್ರೆ ನನಗೆ ಈ ಕೆಲಸ ಹತ್ತು ವರ್ಷ ಮುಂಚೆ ಸಿಗ್ತಿತ್ತು. ಓದ್ಕೊಳಪ್ಪಾ," ಅಂದಳು.

ಎತ್ತಿದ ಕೈಗಳು ಮೆಲ್ಲಗೆ ಇಳಿದವು. ಚಪ್ಪಾಳೆ ತಟ್ಟಿದವನು ನಾನೊಬ್ಬನೇ.