ಗೋಡೆಯ ಮೇಲಿನ ಹಾಜರಿ

ಶಾಲೆ ಬಿಟ್ಟ ಮಕ್ಕಳ ಸರ್ವೇಗೂ ನಮ್ಮಂಥ ಮಾಸ್ತರರನ್ನೇ ಮನೆ ಮನೆ ಅಲೆಸುತ್ತಾರೆ. ಭಾಲ್ಕಿ ಕಡೆಯ ಒಂದು ಊರಿನ ಶಾಲೆಗೆ ನಾನೊಬ್ಬನೇ ಮಾಸ್ತರ. ಪಟ್ಟಿಯಲ್ಲಿ ನನ್ನದೇ ವಿದ್ಯಾರ್ಥಿನಿ ಸಾನಿಯಾಳ ಹೆಸರಿತ್ತು. ನಾಲ್ಕನೇ ತರಗತಿ, ಜಾಣೆ, ಎರಡು ತಿಂಗಳಿಂದ ಬಂದಿರಲಿಲ್ಲ.

ಅವಳ ಮನೆಗೆ ಹೋದಾಗ ತಾಯಿ ಚಾ ಕೊಟ್ಟು, "ಎಷ್ಟ್ ಹೇಳಿದ್ರೂ ಸಾಲಿಗಿ ಹೋಗಲ್ಲ ಅಂತಾಳ್ರಿ ಸರ್. ಅದಕ್ಕ ಮನ್ಯಾಗ ನಾನೇ ಓದಿಸ್ಲತ್ತೀನ್ರಿ" ಅಂದರು.

ಗೋಡೆ ತುಂಬ ಸೀಮೆಸುಣ್ಣದ ಗೆರೆಗಳಿದ್ದವು. "ಇದು ನಿನ್ನ ಹಾಜರಿ ಏನವ್ವ?" ಎಂದು ಸಾನಿಯಾಳನ್ನು ಕೇಳಿದೆ.

"ನಂದಲ್ರಿ ಸರ್, ಅಮ್ಮೀದು. ಅಮ್ಮಿ ಕಲಿಸಿದ ದಿನ ಒಂದು ಗೆರಿ ಹಾಕ್ತೇನಿ."

ಮೂಲೆಯಲ್ಲಿ ನಾಲ್ಕೇ ಗೆರೆ ಬೇರೆಯಾಗಿದ್ದವು. "ಅವು ಯಾರವು?"

"ನಿಮ್ಮವ್ರಿ. ನಾ ಸಾಲಿಗಿ ಬಂದ ಕಡೀ ತಿಂಗಳದ್ದು. ಉಳಿದ ದಿನ ನೀವು ಯಾವ್ದೋ ಸರ್ವೇಕ್ಕ ಹೋಗಿದ್ರಿ."

ತಾಯಿ ಅವಳನ್ನು ಗದರಿದರು. ನಾನು ಮೊಬೈಲ್ ತೆಗೆದೆ. ಶಾಲೆ ಬಿಟ್ಟ ಕಾರಣ ಏನೆಂದು ಆ್ಯಪ್ ಕೇಳುತ್ತಿತ್ತು. ಗುಳೆ, ಮದುವೆ, ಮನೆಗೆಲಸ ಎಲ್ಲ ಇದ್ದವು, 'ಮಾಸ್ತರ ಇರಲಿಲ್ಲ' ಎಂಬುದೊಂದು ಬಿಟ್ಟು. 'ಇತರೆ' ಒತ್ತಿದೆ.

ಹೊರಡುವಾಗ "ನಾಳೆಯಿಂದ ಸಾಲಿಗಿ ಬಾ" ಎನ್ನಲು ಬಾಯಿ ತೆರೆದೆ. ಆದರೆ ನಾಳೆ ಬೀದರಿನಲ್ಲಿ ಈ ಸರ್ವೇದ್ದೇ ಮೀಟಿಂಗ್ ಇತ್ತು.