ಆಡಿನ ಕಿವಿಯ ಫೋಟೋ

ಸ್ಟುಡಿಯೋ ಮಾಮನ ಬಲಗೈಯ ತೋರುಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಒಂದೇ ಸಲ. ಚಹಾ ಕುಡಿಯುವಾಗ ಲೋಟದ ಮೇಲೆ, ಲೋಕಲ್ ರೈಲಿಗೆ ಕಾಯುವಾಗ ತೊಡೆಯ ಮೇಲೆ, ಅದು ಮೌಸ್ ಒತ್ತುತ್ತಲೇ ಇರುತ್ತಿತ್ತು. ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಅವರದು ಗೂಡಿನಷ್ಟು ಸ್ಟುಡಿಯೋ, ಪಕ್ಕದಲ್ಲೇ ನಮ್ಮ ಅಪ್ಪನ ಹೋಟೆಲು. ಇಬ್ಬರೂ ಕುಂದಾಪುರದ ಕಡೆಯವರು. ಬೆಳಗಿನ ಚಹಾವನ್ನು ಒಬ್ಬರನ್ನು ಬಿಟ್ಟು ಒಬ್ಬರು ಕುಡಿದದ್ದಿಲ್ಲ.

ಹೊಟ್ಟೆಪಾಡಿಗೆ ಪಾಸ್‌ಪೋರ್ಟ್ ಫೋಟೋ, ಗಲ್ಲಿ ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸಿಗೆ ಸಿಂಹದ ಕೇಸರ. ಖುಷಿಗೆ, ಬಂದುಹೋದವರ ಮುಖಕ್ಕೆ ಕಂಪ್ಯೂಟರಿನಲ್ಲಿ ಪ್ರಾಣಿಗಳನ್ನು ಬೆರೆಸುತ್ತಿದ್ದರು. ನಮ್ಮ ಸೊಸೈಟಿಯ ಸೆಕ್ರೆಟರಿಗೆ ಗೂಬೆಯ ಕೊಕ್ಕು ಬಂದಿತ್ತು. ಚರ್ಮ ಎಲ್ಲಿ ಮುಗಿಯಿತು, ರೋಮ ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. "ಕಣ್ಣು ಮಾತ್ರ ಮುಟ್ಟಬಾರ್ದು ಮಗಾ. ಅಸಲಿ ಮನುಷ್ಯ ಅಲ್ಲೇ ಇಪ್ಪುದು" ಎನ್ನುತ್ತಿದ್ದರು.

ನನಗೆ ಇಪ್ಪತ್ತಮೂರಾದಾಗ ಠಾಣೆ ಪಟ್ಟಣದಿಂದ ಒಂದು ಸಂಬಂಧ ಬಂತು. ಆಗಷ್ಟೇ ವಾಶಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಅದನ್ನು ಬಿಡಬೇಕೆಂದು ಗಂಡಿನವರು ಹೇಳಿದರು, ಅಪ್ಪ ಒಪ್ಪಿದರು. ನನಗೆ ಊಟ ಸೇರುತ್ತಿರಲಿಲ್ಲ, ಬೇಡವೆನ್ನುವ ಧೈರ್ಯವೂ ಇರಲಿಲ್ಲ. ಮಾಮ ಫೋಟೋ ತೆಗೆದು ಕವರು ಅಂಟಿಸಿ ಕೊಟ್ಟರು. ಅಪ್ಪ ಅದನ್ನು ಹಾಗೆಯೇ ಠಾಣೆಗೆ ಕಳಿಸಿದರು.

ಮರುದಿನ ಫೋನು ಬಂತು. "ನಮಗೆ ಸೊಸೆ ಬೇಕಿತ್ತು, ಆಡು ಅಲ್ಲ."

ಕವರು ವಾಪಸು ಬಂದಾಗ ನೋಡಿದೆ. ನನ್ನದೇ ಮುಖ. ಜೋತುಬಿದ್ದ ಕಿವಿ, ಗದ್ದದಲ್ಲಿ ಗಡ್ಡ. ಕಣ್ಣು ಮಾತ್ರ ನನ್ನದು, ಕ್ಯಾಮೆರಾ ಬಿಟ್ಟು ಬಾಗಿಲ ಕಡೆಗೆ ತಿರುಗಿತ್ತು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಅಪ್ಪ ಹೋಟೆಲಿನ ಗಿರಾಕಿಗಳೆದುರೇ ಮಾಮನ ಮೇಲೆ ಕೂಗಾಡಿದರು. "ನಿನ್ನ ಕಣ್ಣು ಎಲ್ಲಿತ್ತಾ ಮಾರಾಯ? ಮಗಳ ಮರ್ಯಾದೆ ತೆಗ್ದಿಯಲ್ಲ!"

ಮಾಮ ತಲೆ ತಗ್ಗಿಸಿ, "ಕವರು ಅದಲು ಬದಲಾಯ್ತು, ತಪ್ಪಾಯ್ತು" ಎಂದಷ್ಟೇ ಹೇಳಿದರು. ಅಂದಿನಿಂದ ಚಹಾ ನಿಂತಿತು, ಮಾತೂ ನಿಂತಿತು. ನಾನು ವಾಶಿಗೆ ಕೆಲಸಕ್ಕೆ ಹೋಗತೊಡಗಿದೆ.

ಠಾಣೆಯಲ್ಲಿ ರೈಲು ಬದಲಿಸುವಾಗಲೆಲ್ಲ ಒಂದೇ ಮಾತು ತಲೆಯೊಳಗೆ ಕೊರೆಯುತ್ತಿತ್ತು. ಅಷ್ಟು ವರ್ಷಗಳಲ್ಲಿ ಅವರ ಸ್ಟುಡಿಯೋದಲ್ಲಿ ಒಂದೇ ಒಂದು ಕವರು ಅದಲು ಬದಲಾಗಿರಲಿಲ್ಲ.

ಹತ್ತು ವರ್ಷದ ಮೇಲೆ ಅವರಿಗೆ ಲಕ್ವ ಹೊಡೆಯಿತೆಂದು ತಿಳಿದು ಟಿಟ್ವಾಳಾದ ಮನೆಗೆ ಹೋದೆ. ಎಡಗೈ ಬಿದ್ದುಹೋಗಿತ್ತು. ಬಲಗೈಯ ಬೆರಳು ಹೊದಿಕೆಯ ಮೇಲೆ ಒತ್ತುತ್ತಲೇ ಇತ್ತು.

"ಮಾಮ, ಅವತ್ತು ತಪ್ಪಿ ಹಾಕಿದ್ದಾ, ಬೇಕಂತ ಹಾಕಿದ್ದಾ?"

ಬೆರಳು ನಿಂತಿತು.

"ಕಟ್ಟಿ ಹಾಕಿದ ಆಡು ಹಾಂಗೇ ಬಾಗಿಲ ಕಡೆ ನೋಡುದು" ಎಂದರು, ತೊದಲುತ್ತಾ. ಮತ್ತೆ, "ಅಪ್ಪಯ್ಯಂಗೆ ಹೇಳ್ಬೇಡ. ಬೇಜಾರ್ ಮಾಡ್ಕಂತ್ರ್" ಎಂದರು.

ಆ ತಿಂಗಳೇ ಮಾಮ ಹೋಗಿಬಿಟ್ಟರು. ಸುದ್ದಿ ಕೇಳಿ ಅಪ್ಪ, "ಒಳ್ಳೆ ಜನ. ಕೆಲ್ಸದಲ್ಲಿ ಮಾತ್ರ ಒಂಚೂರು ಅಜಾಗ್ರತೆ" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.