ನೋಟ್‌ಬುಕ್ಕಿನ ಪ್ರಾಣಿಗೆ ಕಿವಿರು

ಪಿಯುಸಿಯಲ್ಲಿದ್ದಾಗ ನಾನು ನೋಟ್‌ಬುಕ್ಕಿನಲ್ಲಿ ಎಲ್ಲೂ ಇಲ್ಲದ ಪ್ರಾಣಿಯೊಂದರ ಚಿತ್ರ ಬರೆದೆ. ನೀರುನಾಯಿಯ ಮೈ, ಏಡಿಯ ಕಾಲು, ತೊರಕೆ ಮೀನಿನ ಚಾಟಿಯಂಥ ಬಾಲ. ಮನೆಯವರೆಲ್ಲ ಚೆಂದ ಇದೆ ಅಂದರು. ನನಗೆ ಬೇಕಿದ್ದದ್ದು ಅದಲ್ಲ, ಒಬ್ಬರಾದರೂ ಅದನ್ನು ನಂಬಬೇಕಿತ್ತು. ಹಂಗಾರಕಟ್ಟೆಯಿಂದ ಮನೆಗೆ ಮೀನು ತರುತ್ತಿದ್ದ ಹೆಂಗಸಿಗೆ ತೋರಿಸಿದೆ.

"ಹ್ವಾಯ್, ನೀರಂಗ್ ಇಪ್ಪುದಾ? ಇದ್ರ್ ಕಿವಿರ್ ಎಲ್ಲಿತ್? ಉಸ್ರ್ ಕಟ್ಟಿ ಸಾಯ್ತ್ ಮಾರಾಯಾ!"

ರಾತ್ರಿಯೊಳಗೆ ಕಿವಿರು ಬರೆದೆ. ಹೊಳೆಯ ಕೆಸರು ತಿನ್ನಲಿ ಎಂದು ಬಾಯನ್ನೂ ಕೆಳಗೆ ತಿರುಗಿಸಿದೆ. ಮರುದಿನ ಆಕೆ ಬುಟ್ಟಿ ಇಳಿಸಿ, ಚಿತ್ರವನ್ನು ತುಂಬ ಹೊತ್ತು ನೋಡಿ, ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿದಳು.

"ಬಾಯ್ ಕೆಳ್ಗಿತ್ತಲೆ, ಕೆಸ್ರ್ ತಿಂಬುದ್. ಮಣ್ಣ್ ವಾಸ್ನಿ ಬತ್ತ್. ಸಾರಿಗೆ ಹುಳಿ ಜಾಸ್ತಿ ಹಾಕ್ಕ್."

ಚಿತ್ರದ ಕೆಳಗೆ ನಾನು ಅದನ್ನೂ ಬರೆದುಕೊಂಡೆ.